ರಾಬಿನ್ ಹುಡ್ ಉಳದ ಹೊಲ

ಇಂಗ್ಲೆಂಡಿನ ಹಳೆಯ ಲಾವಣಿಗಳ ಕಾಡುಗಳ್ಳ ರಾಬಿನ್ ಹುಡ್‌ನ ಕಥೆಗಳಲ್ಲಿ ಯಾರೂ ಬೇಸಾಯ ಮಾಡುವುದಿಲ್ಲ. ಬಾಣ ಬಿಡುತ್ತಾರೆ, ದೊಣ್ಣೆ ಹಿಡಿದು ಕಾದಾಡುತ್ತಾರೆ, ದೊರೆಯ ಜಿಂಕೆ ಹೊಡೆದು ಸುಟ್ಟು ತಿನ್ನುತ್ತಾರೆ, ದುಡ್ಡಿನ ಗಂಟು ಹೊತ್ತು ಬಂದ ಮಠಾಧೀಶನನ್ನು ಊಟಕ್ಕೆ ಕೂರಿಸಿ ಆಮೇಲೆ ಊಟದ ಲೆಕ್ಕ ಚುಕ್ತಾ ಮಾಡು ಎನ್ನುತ್ತಾರೆ. ಆ ಕಾಡಿನಲ್ಲಿ ವರ್ಷವಿಡೀ ಮೇ ತಿಂಗಳು. ಎಲೆ ಯಾವಾಗಲೂ ಹಸಿರು, ಹಕ್ಕಿ ಯಾವಾಗಲೂ ಹಾಡುತ್ತಿರುತ್ತದೆ. ಮಳೆ ಬಿಡಲಿಲ್ಲ, ತೆನೆಯಲ್ಲೇ ಗೋಧಿ ಮೊಳೆತು ಹೋಯಿತು ಎಂದು ಗೋಳಾಡುವವನು ಒಬ್ಬನೂ ಸಿಗುವುದಿಲ್ಲ.

ಹಾಗಂತ ರೈತ ಪೂರ್ತಿ ಮರೆಯಾಗಿಲ್ಲ. 1500ರ ಆಸುಪಾಸಿನಲ್ಲಿ ಅಚ್ಚಾದ ‘ಎ ಗೆಸ್ಟ್ ಆಫ್ ರಾಬಿನ್ ಹೋಡ್’ ಎಂಬ ಉದ್ದನೆಯ ಲಾವಣಿಯಲ್ಲಿ 456 ನುಡಿಗಳಿವೆ. ಅದರ ಆರಂಭದಲ್ಲೇ ರಾಬಿನ್‌ನ ಬಂಟ ಲಿಟಲ್ ಜಾನ್ ಒಂದು ಮುಖ್ಯವಾದ ಪ್ರಶ್ನೆ ಎತ್ತುತ್ತಾನೆ: ಯಾರನ್ನು ದೋಚಬೇಕು, ಯಾರನ್ನು ಬಿಡಬೇಕು? ರಾಬಿನ್ ಕೊಡುವ ಪಟ್ಟಿಯಲ್ಲಿ ಮೊದಲು ಬರುವವನೇ ನೇಗಿಲು ಹಿಡಿದು ಉಳುವವನು. ಅವನ ತಂಟೆಗೆ ಹೋಗಬೇಡಿ ಎನ್ನುತ್ತಾನೆ. ಒಳ್ಳೆಯ ಮನಸ್ಸಿನ ನೈಟ್‌ಗಳಿಗೂ ರಿಯಾಯಿತಿ ಉಂಟು. ಬಿಷಪ್ಪರು, ಆರ್ಚ್‌ಬಿಷಪ್ಪರು ಸಿಕ್ಕರೆ ಬಡಿದು ಕಟ್ಟಿಹಾಕಿ. ನಾಟಿಂಗ್‌ಹ್ಯಾಮ್‌ನ ಶೆರೀಫನನ್ನಂತೂ, ಅಂದರೆ ದೊರೆಯ ಜಿಲ್ಲಾಧಿಕಾರಿಯನ್ನಂತೂ, ಮರೆಯಲೇಬೇಡಿ. ಅಲ್ಲಿಗೆ ರೈತನ ಪಾತ್ರ ಮುಗಿಯಿತು. ಮುಂದಿನ ನಾನೂರು ಚಿಲ್ಲರೆ ನುಡಿಗಳಲ್ಲಿ ಅವನು ತಿರುಗಿ ಬರುವುದಿಲ್ಲ.

ಆ ನೇಗಿಲು ಹಿಡಿದವನ ಊರು ಹೇಗಿತ್ತು ಎಂದು ನೋಡುವ ಆಸೆಯಿದ್ದವರಿಗೆ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ ಲ್ಯಾಕ್ಸ್ಟನ್ ಎಂಬ ಹಳ್ಳಿಯಿದೆ. ಪ್ರವಾಸಿಗರು ಹೋಗುವುದು ಎಡ್ವಿನ್‌ಸ್ಟೋಗೆ. ರಾಬಿನ್‌ಗೂ ಅವನ ಪ್ರೇಯಸಿ ಮರಿಯನ್‌ಗೂ ಮದುವೆಯಾಯಿತು ಎಂದು ಜನ ಹೇಳುವ ಸೇಂಟ್ ಮೇರಿ ಚರ್ಚ್ ಇರುವುದು ಅಲ್ಲಿ. ಊರಾಚೆ ಕಾಡಿನಲ್ಲಿ ಊರುಗೋಲು ಕೊಟ್ಟು ನಿಲ್ಲಿಸಿರುವ ‘ಮೇಜರ್ ಓಕ್’ ಎಂಬ ಹಣ್ಣುಹಣ್ಣು ಮುದಿ ಮರವೂ ಇದೆ. ಮರ ನಿಜಕ್ಕೂ ಭವ್ಯ, ಕಾಂಡದ ಸುತ್ತಳತೆಯೇ ಹತ್ತು ಮೀಟರಿನಷ್ಟು. ಆದರೆ ಮದುವೆಯ ಕಥೆ ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ಮರಿಯನ್ ಹಳೆಯ ಲಾವಣಿಗಳಲ್ಲಿ ಇಲ್ಲವೇ ಇಲ್ಲ, ಆಮೇಲೆ ಮೇ ಹಬ್ಬದ ಆಟಗಳ ಮೂಲಕ ಬಂದು ಸೇರಿಕೊಂಡವಳು. ಲ್ಯಾಕ್ಸ್ಟನ್‌ಗೆ ಅಲ್ಲಿಂದ ಹೆಚ್ಚು ದೂರವೇನಿಲ್ಲ. ಒಲರ್ಟನ್ ದಾಟಿ ಪೂರ್ವಕ್ಕೆ ಹೋಗುತ್ತಿದ್ದಂತೆ ನೆಲವೇ ಬದಲಾಗುತ್ತದೆ. ರಾಬಿನ್‌ನ ಕಾಡೆಂದು ಹೆಸರಾದ ಶೆರ್ವುಡ್ಡಿನದು ಮರಳು ಮಣ್ಣು, ಬೆಳೆಗೆ ಅಷ್ಟಕ್ಕಷ್ಟೇ. ಅದಕ್ಕೇ ಅಲ್ಲಿ ಕಾಡೂ ಕುರುಚಲೂ ಉಳಿದವು. ಲ್ಯಾಕ್ಸ್ಟನ್‌ನದು ಜಿಗುಟು ಜೇಡಿ. ಮಳೆ ಬಂದ ಮಾರನೆಯ ದಿನ ಆ ಹೊಲಗಳ ಅಂಚಿನಲ್ಲಿ ನಡೆದರೆ ಒಂದೊಂದು ಬೂಟಿಗೂ ಸೇರುಗಟ್ಟಲೆ ಮಣ್ಣು ಮೆತ್ತಿಕೊಂಡು, ಯಾರೋ ಕಾಲು ಹಿಡಿದು ಹಿಂದಕ್ಕೆ ಎಳೆದಂತಾಗುತ್ತದೆ.

ಊರಿನ ಉತ್ತರಕ್ಕೆ ಒಂದು ಓಣಿ ಹೊಲದ ಕಡೆಗೆ ಹೋಗುತ್ತದೆ. ಅದರ ಕೊನೆಯಲ್ಲಿ ಹುಲ್ಲು ಬೆಳೆದ ಎತ್ತರದ ದಿಬ್ಬ, ಸುತ್ತ ಕಂದಕ, ಕಂದಕದೊಳಗೆ ಕುರಿಗಳು. ಕಲ್ಲು ಕಟ್ಟಡದ ಸುಳಿವೂ ಮೇಲೆ ಕಾಣುವುದಿಲ್ಲ. ಮೊದಲ ಸಲ ಹೋದಾಗ ಜೊತೆಯಲ್ಲಿದ್ದ ಮಗಳು, “ಅಪ್ಪಾ, ಕೋಟೆ ಅಂದ್ರಲ್ಲ, ಎಲ್ಲಿ?” ಅಂದಳು. “ನೀನು ನಿಂತಿರೋದೇ ಕೋಟೆ ಮೇಲೆ ಕಣೇ” ಅಂದೆ. ಅವಳಿಗೆ ಮೋಸ ಹೋದ ಹಾಗಾಯಿತು. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ದ ಕೋ ಮನೆತನದವರು ಕೂತಿದ್ದರು. ಶೆರ್ವುಡ್ ಅರಣ್ಯದ ಪಾಲಕತ್ವ ವಂಶಪಾರಂಪರ್ಯವಾಗಿ ಈ ಮನೆಗೇ ಸೇರಿತ್ತು. ಅಂದರೆ ದೊರೆಯ ಜಿಂಕೆಯನ್ನು ಯಾರು ಹೊಡೆದರು, ಓಕ್ ಕೊಂಬೆ ಯಾರು ಕಡಿದರು ಎಂದು ನೋಡಿಕೊಳ್ಳುವ ಅಧಿಕಾರದ ಬುಡ ಈ ದಿಬ್ಬದ ಮೇಲಿತ್ತು. ಲಾವಣಿಗಳಲ್ಲಿ ಖಳರಾಗಿ ಬರುವ ಅರಣ್ಯದ ಆಳುಗಳ ಯಜಮಾನರು ಇವರೇ. ಜಾನ್ ದೊರೆಯ ಕಾಲಕ್ಕೆ ಆ ಅಧಿಕಾರ ಮಟಿಲ್ಡಾ ದ ಕೋ ಎಂಬ ಹೆಂಗಸಿನ ಹಕ್ಕಿಗೆ ಬಂದಿತ್ತು. ಇದನ್ನು ಯಾವ ಲಾವಣಿಕಾರನೂ ಬಳಸಿಕೊಂಡಿಲ್ಲ ಎನ್ನುವುದು ನನಗೆ ಆಶ್ಚರ್ಯ.

ಅರಣ್ಯ ಎಂದರೆ ಮರಗಳ ಗುಂಪು ಎಂದು ತಿಳಿಯಬಾರದು. ಅಂದಿನ ಇಂಗ್ಲೆಂಡಿನಲ್ಲಿ ಅದೊಂದು ಕಾನೂನಿನ ಗಡಿ. ಅದರೊಳಗೆ ಊರುಗಳಿದ್ದವು, ಹೊಲಗಳಿದ್ದವು, ಹುಲ್ಲುಗಾವಲುಗಳಿದ್ದವು. ಎಲ್ಲೆಲ್ಲೂ ಜಿಂಕೆಗೇ ಮೊದಲ ಮರ್ಯಾದೆ. ಬೆಳೆ ಮೇಯಲು ಬಂದ ಜಿಂಕೆಯನ್ನು ಹೊಡೆದರೆ ಅಪರಾಧ. ಸೌದೆಗೆಂದು ಹಸಿ ಕೊಂಬೆ ಕಡಿದರೆ ಅಪರಾಧ. ಕಾಡಂಚಿನಲ್ಲಿ ಒಂದಿಷ್ಟು ನೆಲ ಹಸನು ಮಾಡಿ ಉತ್ತರೆ ಅದಕ್ಕೂ ದಂಡ. ಮನೆ ಕಾಯುವ ದೊಡ್ಡ ನಾಯಿ ಜಿಂಕೆಯ ಬೆನ್ನಟ್ಟದ ಹಾಗೆ ಅದರ ಮುಂಗಾಲಿನ ಮೂರು ಉಗುರುಗಳನ್ನು ಬುಡಸಮೇತ ಕತ್ತರಿಸಬೇಕಿತ್ತು. ಕತ್ತರಿಸದೆ ಸಿಕ್ಕಿಬಿದ್ದರೆ ಮೂರು ಶಿಲಿಂಗ್ ಎಂದು 1217ರ ಅರಣ್ಯ ಸನ್ನದು ನಿಗದಿ ಮಾಡಿತು. ಜಿಂಕೆ ಕೊಂದ ತಪ್ಪಿಗೆ ಯಾರ ಪ್ರಾಣವನ್ನೂ ಅಂಗವನ್ನೂ ತೆಗೆಯಬಾರದು ಎಂದು ಹೇಳಿದ್ದೂ ಅದೇ ಸನ್ನದು. ಅಲ್ಲಿಯವರೆಗೆ ತೆಗೆಯಬಹುದಿತ್ತು ಎಂದಾಯಿತು. ಮ್ಯಾಗ್ನಾ ಕಾರ್ಟಾದ ಹೆಸರು ಎಲ್ಲರಿಗೂ ಗೊತ್ತು. ಈ ಸನ್ನದು ಹಳ್ಳಿಯವನಿಗೆ ಅದಕ್ಕಿಂತ ಹತ್ತಿರದ್ದು, ಅವನ ಹಂದಿ, ಸೌದೆ, ನಾಯಿಯವರೆಗೂ ಇಳಿದು ಮಾತಾಡುವಂಥದ್ದು. ಸಣ್ಣಪುಟ್ಟ ತಪ್ಪುಗಳ ವಿಚಾರಣೆಗೆ ನಲವತ್ತು ದಿನಕ್ಕೊಮ್ಮೆ ಅರಣ್ಯದ ಕಚೇರಿ ಸೇರುತ್ತಿತ್ತು. ಶೆರ್ವುಡ್ಡಿನಲ್ಲಿ ಅದು ಕೂಡುತ್ತಿದ್ದ ಊರುಗಳಲ್ಲಿ ಎಡ್ವಿನ್‌ಸ್ಟೋ ಒಂದು. ಇಂದು ಮದುವೆ ಕಥೆ ಮಾರುವ ಊರು ಅಂದು ಸೌದೆ ಕದ್ದವರನ್ನು ನಿಲ್ಲಿಸಿಕೊಂಡು ಪೆನ್ನಿ ಎಣಿಸುತ್ತಿತ್ತು.

ದೊರೆಯ ಕೋಪ ಅರಣ್ಯದ ಕಚೇರಿಗೇ ನಿಲ್ಲುತ್ತಿರಲಿಲ್ಲ. ಜಾನ್‌ನ ಕಾಲದಲ್ಲಿ ಲ್ಯಾಕ್ಸ್ಟನ್‌ನ ಜನ ದೊರೆಯ ಶಾಂತಿ ಬೇಕೆಂದು, ತಮ್ಮ ಊರನ್ನು ನೆಲಸಮ ಮಾಡಬಾರದೆಂದು ನೂರು ಪೌಂಡ್ ಕಟ್ಟಲು ಒಪ್ಪಬೇಕಾಯಿತು. ಒಬ್ಬ ಕೂಲಿಯವನಿಗೆ ದಿನಕ್ಕೆ ಒಂದೆರಡು ಪೆನ್ನಿ ಸಿಗುತ್ತಿದ್ದ ಕಾಲ ಅದು, ಪೌಂಡಿಗೆ 240 ಪೆನ್ನಿ. ಇಡೀ ಊರು ಕೂಡಿ ತನ್ನನ್ನೇ ತಾನು ಬಿಡಿಸಿಕೊಂಡಿತು ಎನ್ನಬೇಕು. ಜಾನ್ ದೊರೆಯನ್ನು ರಾಬಿನ್ ಹುಡ್ ಕಥೆಗೆ ಖಳನಾಗಿ ತಂದು ಕೂರಿಸಿದ್ದು ಬಹಳ ಈಚಿನ ಕೆಲಸ. 1521ರಲ್ಲಿ ಸ್ಕಾಟ್ಲೆಂಡಿನ ಜಾನ್ ಮೇಜರ್ ಎಂಬ ಇತಿಹಾಸಕಾರ ರಾಬಿನ್‌ನನ್ನು ಜಾನ್‌ನ ಅಣ್ಣ ರಿಚರ್ಡ್ ದೊರೆಯ ಕಾಲಕ್ಕೆ ಹಾಕಿದ, ಮುಂದಿನವರು ಅದನ್ನೇ ಬೆಳೆಸಿದರು. ಗೆಸ್ಟ್‌ನಲ್ಲಿ ಬರುವ ದೊರೆಯ ಹೆಸರು ಎಡ್ವರ್ಡ್. ಆದರೂ ಈ ನೂರು ಪೌಂಡಿನ ಸಂಗತಿ ಓದಿದ ಮೇಲೆ, ಜಾನ್ ಖಳ ಎಂಬ ಮಾತಿಗೆ ಲ್ಯಾಕ್ಸ್ಟನ್‌ನವರು ಯಾರೂ ತಕರಾರು ಮಾಡುತ್ತಿರಲಿಲ್ಲ ಅನ್ನಿಸುತ್ತದೆ.

ದ ಕೋ ಮನೆತನದಿಂದ ಅರಣ್ಯಪಾಲಕತ್ವ ಮದುವೆ ಸಂಬಂಧಗಳ ಮೂಲಕ ಎವರಿಂಗ್‌ಹ್ಯಾಮ್ ಮನೆತನಕ್ಕೆ ಬಂತು. 1280ರ ದಶಕದಲ್ಲಿ ರಾಬರ್ಟ್ ಎವರಿಂಗ್‌ಹ್ಯಾಮ್‌ನ ಕೈಯಿಂದ ಅದು ಜಾರಿತು, ಅರಣ್ಯದ ಕಾನೂನನ್ನು ಅವನೇ ಮುರಿದ ಕಾರಣಕ್ಕೆ. ಬೇಲಿಯೇ ಎದ್ದು ಹೊಲ ಮೇಯ್ದ ಪ್ರಕರಣ. ಆ ಮನೆತನದ ಆಡಮ್ ಎಂಬವನ ಗೋರಿಮೂರ್ತಿ ಊರಿನ ಸೇಂಟ್ ಮೈಕೆಲ್ ಚರ್ಚಿನಲ್ಲಿದೆ. ಹದಿನಾಲ್ಕನೆಯ ಶತಮಾನದವನು, ಕಲ್ಲಿನಲ್ಲಿ ಮಲಗಿದ್ದಾನೆ. ಅವನ ಹೆಂಡಂದಿರಲ್ಲಿ ಒಬ್ಬಳ ಮೂರ್ತಿ ಮಾತ್ರ ಓಕ್ ಮರದ್ದು. ಇಡೀ ಜಿಲ್ಲೆಯಲ್ಲಿ ಉಳಿದಿರುವ ಮಧ್ಯಯುಗದ ಮರದ ಗೋರಿಮೂರ್ತಿ ಅದೊಂದೇ. ಹತ್ತಿರ ಬಗ್ಗಿ ನೋಡಿದರೆ ಮರ ಒಣಗಿ ಸೀಳಿದ ಉದ್ದುದ್ದ ಬಿರುಕುಗಳು, ಮುಖದ ಗುರುತುಗಳೆಲ್ಲ ಸವೆದಿವೆ, ಕೈಗಳು ಇನ್ನೂ ಜೋಡಿಸಿಯೇ ಇವೆ. ಹಸಿ ಕೊಂಬೆ ಕಡಿದರೆ ಬಡವನಿಗೆ ದಂಡ ಹಾಕುತ್ತಿದ್ದ ಮನೆಯವರು ತಮ್ಮ ಹೆಂಗಸಿಗೆ ಇಡೀ ಓಕ್ ಕಾಂಡವನ್ನೇ ಬಳಸಿದ್ದು ನೋಡಿ ನನಗೆ ಸ್ವಲ್ಪ ನಗು ಬಂತು. ಚರ್ಚಿನಲ್ಲಿ ನಗಬಾರದು, ಆದರೂ.

ಕಾನೂನು ಕಾಯುವವನೇ ಕಾನೂನು ಮುರಿಯುವುದು ಆ ಸೀಮೆಗೆ ಹೊಸದಲ್ಲ. ಲ್ಯಾಕ್ಸ್ಟನ್‌ನಿಂದ ಕೆಲವೇ ಮೈಲಿ ದೂರದಲ್ಲಿ ವೆಲ್ಲೋ ಎಂಬ ಊರಿದೆ. ಊರ ನಡುವಿನ ಹುಲ್ಲಿನ ಬಯಲಲ್ಲಿ ವರ್ಷವಿಡೀ ನಿಂತಿರುವ ಎತ್ತರದ ಮೇ ಕಂಬ ಅದರ ಹೆಗ್ಗುರುತು. ಊರಾಚೆಯ ಮಣ್ಣಿನ ದಿಬ್ಬಕ್ಕೆ ಜೋರ್ಡನ್ ಕ್ಯಾಸಲ್ ಎನ್ನುತ್ತಾರೆ, ಅದು ರಿಚರ್ಡ್ ಫೋಲಿಯಟ್ ಎಂಬ ನೈಟ್‌ನದು. ರೋಜರ್ ಗಾಡ್ಬರ್ಡ್ ಎಂಬವನಿಗೆ ಆಶ್ರಯ ಕೊಟ್ಟ ಆರೋಪ ಅವನ ಮೇಲೆ ಬಂತು. ಈ ಗಾಡ್ಬರ್ಡ್ ಲೆಸ್ಟರ್‌ಶೈರ್‌ನವನು. 1264ರಲ್ಲಿ ನಾಟಿಂಗ್‌ಹ್ಯಾಮ್ ಕೋಟೆಯ ಪಡೆಯಲ್ಲೇ ಇದ್ದವನು. ಸೈಮನ್ ದ ಮಾಂಟ್‌ಫರ್ಟ್‌ನ ಬಂಡಾಯ ಸೋತ ಮೇಲೆ ಕಾನೂನಿನ ಹೊರಗೆ ಬಿದ್ದು, ಶೆರ್ವುಡ್ ಸುತ್ತಮುತ್ತ ಗುಂಪು ಕಟ್ಟಿಕೊಂಡು ದಾರಿಹೋಕರನ್ನು ದೋಚಿದ. ಅವನನ್ನು ಹಿಡಿಯಲು ರೆಜಿನಾಲ್ಡ್ ದ ಗ್ರೇ ಎಂಬ ದೊಡ್ಡ ಅಧಿಕಾರಿಯೇ ಬರಬೇಕಾಯಿತು. ಶೆರ್ವುಡ್, ನಾಟಿಂಗ್‌ಹ್ಯಾಮ್ ಕೋಟೆ, ಆಸರೆ ಕೊಟ್ಟ ನೈಟ್, ಎಲ್ಲವೂ ಕಥೆಗೆ ಹೊಂದುತ್ತವೆ. ಹೀಗಾಗಿ ಇವನೇ ಅಸಲಿ ರಾಬಿನ್ ಹುಡ್ ಎಂದು ವಾದಿಸುವವರಿದ್ದಾರೆ.

ನನಗೆ ಆ ವಾದ ಒಗ್ಗುವುದಿಲ್ಲ. 1262ರಷ್ಟು ಹಿಂದೆಯೇ, ಗಾಡ್ಬರ್ಡ್ ಕಾಡಿಗಿಳಿಯುವ ಮೊದಲೇ, ಬರ್ಕ್‌ಶೈರ್‌ನ ಒಬ್ಬ ತಲೆಮರೆಸಿಕೊಂಡವನ ಹೆಸರನ್ನು ಗುಮಾಸ್ತನೊಬ್ಬ ಬದಲಿಸಿ ಬರೆದಿದ್ದಾನೆ. ಹಿಂದಿನ ದಾಖಲೆಯಲ್ಲಿ ‘ರಾಬರ್ಟ್ ಕಮ್ಮಾರನ ಮಗ ವಿಲಿಯಂ’ ಎಂದಿದ್ದವನು ಇಲ್ಲಿ ‘ವಿಲಿಯಂ ರಾಬ್‌ಹುಡ್’. ಓಡಿಹೋದ ಕಳ್ಳನಿಗೆ ಅಂಟಿಸಬಹುದಾದ ಅಡ್ಡಹೆಸರಾಗಿ ಅದು ಆಗಲೇ ಕಚೇರಿಯ ಬಾಯಲ್ಲಿತ್ತು. ಅದಕ್ಕೂ ಹಿಂದೆ, 1226ರ ಯಾರ್ಕ್‌ಶೈರ್ ಲೆಕ್ಕದಲ್ಲಿ ರಾಬರ್ಟ್ ಹೋಡ್ ಎಂಬ ಒಬ್ಬ ಪರಾರಿಯ ಸಾಮಾನು ಜಪ್ತಿಯ ನಮೂದು ಇದೆ. ಹಳೆಯ ಲಾವಣಿಗಳು ರಾಬಿನ್‌ನನ್ನು ಶೆರ್ವುಡ್ಡಿಗಿಂತ ಹೆಚ್ಚಾಗಿ ಯಾರ್ಕ್‌ಶೈರ್‌ನ ಬಾರ್ನ್ಸ್‌ಡೇಲ್‌ನಲ್ಲೇ ನಿಲ್ಲಿಸುತ್ತವೆ. ಉತ್ತರದ ಹೆದ್ದಾರಿ ಹಾದುಹೋಗುವ ಆ ಜಾಗ ಎಷ್ಟು ಕುಖ್ಯಾತವಾಗಿತ್ತೆಂದರೆ, 1306ರಲ್ಲಿ ಸ್ಕಾಟ್ಲೆಂಡಿನ ಬಿಷಪ್ಪರನ್ನು ಸೆರೆಯಾಳುಗಳಾಗಿ ದಕ್ಷಿಣಕ್ಕೆ ಸಾಗಿಸುವಾಗ ‘ಬಾರ್ನ್ಸ್‌ಡೇಲ್ ಕಾರಣಕ್ಕೆ’ ಎಂದು ಬರೆದೇ ಬಿಲ್ಲುಗಾರರ ಸಂಖ್ಯೆ ಹೆಚ್ಚಿಸಿದರು. ಹಾಗಾದರೆ ನಾಟಿಂಗ್‌ಹ್ಯಾಮ್ ಶೆರೀಫನಿಗೆ ಅಷ್ಟು ದೂರದ ಕಳ್ಳನ ಉಸಾಬರಿ ಯಾಕೆ ಎಂದು ವಿದ್ವಾಂಸರು ಜಗಳವಾಡುತ್ತ ಬಂದಿದ್ದಾರೆ. ಎರಡು ಸೀಮೆಗಳ ಲಾವಣಿಗಳು ಒಂದಕ್ಕೊಂದು ಹೆಣೆದುಕೊಂಡಿವೆ ಎನ್ನುವುದೇ ನನಗೆ ಸರಿ ಕಾಣುವ ಉತ್ತರ. ಅಸಲಿ ಮನುಷ್ಯನನ್ನು ಹುಡುಕುವ ಹುಚ್ಚು ನನಗಿಲ್ಲ.

ನನ್ನ ಕುತೂಹಲ ಬೇರೆ ಕಡೆಗೆ: ಒಬ್ಬ ಮನುಷ್ಯ ಕಾಡಿಗೆ ಓಡಿಹೋದ ಮೇಲೆ ಅವನ ಊರಿನಲ್ಲಿ ಏನಾಗುತ್ತಿತ್ತು?

ಅದಕ್ಕೆ ಮೊದಲು ಹೊಲ ನೋಡಬೇಕು. ಲ್ಯಾಕ್ಸ್ಟನ್‌ನ ಹೆಚ್ಚುಗಾರಿಕೆಯೆಂದರೆ, ಮಧ್ಯಯುಗದ ಬೇಲಿಯಿಲ್ಲದ ಕೂಡುಹೊಲದ ಪದ್ಧತಿ, ಅದನ್ನು ನಡೆಸುವ ಊರ ಕಚೇರಿಯ ಸಮೇತ, ಅಲ್ಲಿ ಇನ್ನೂ ಬದುಕಿದೆ. ಇಂಗ್ಲೆಂಡಿನ ಉಳಿದೆಡೆ ಹದಿನೆಂಟು-ಹತ್ತೊಂಬತ್ತನೆಯ ಶತಮಾನಗಳಲ್ಲಿ ಕಾಯಿದೆಯ ಮೇಲೆ ಕಾಯಿದೆ ತಂದು ಕೂಡುಹೊಲಗಳನ್ನು ಒಡೆದರು, ಬೇಲಿ ಹಾಕಿದರು, ಒಬ್ಬೊಬ್ಬರಿಗೆ ಒಂದೊಂದು ತುಂಡು ಬರೆದುಕೊಟ್ಟರು. ಕೂಡುಹೊಲದ ಜೊತೆ ಬಡವರ ಮೇವಿನ ಹಕ್ಕೂ ಹೋಯಿತು. ಇಲ್ಲಿ ಅದು ಪೂರ್ತಿಯಾಗಲಿಲ್ಲ. ಊರಿನ ನೆಲ ಇಬ್ಬರು ದೊಡ್ಡ ಜಮೀನ್ದಾರರ ನಡುವೆ ಹಂಚಿಹೋಗಿತ್ತು, ಕೆಲಸ ಮುಂದಕ್ಕೆ ಹೋಗುತ್ತ ಹೋಗುತ್ತ ನಿಂತೇ ಹೋಯಿತು. ಯಾರೋ ಪುಣ್ಯಾತ್ಮರು ಪರಂಪರೆ ಉಳಿಸಲು ಪಣತೊಟ್ಟರು ಎಂಬ ಕಥೆ ಇದಲ್ಲ. ಪಣ ತೊಟ್ಟದ್ದು ಆಮೇಲೆ: 1952ರಲ್ಲಿ ಸರ್ಕಾರದ ಕೃಷಿ ಖಾತೆ ಎಸ್ಟೇಟನ್ನು ಕೊಂಡಿತು, 1981ರಲ್ಲಿ ಅದು ಕ್ರೌನ್ ಎಸ್ಟೇಟ್‌ಗೆ ಹೋಯಿತು, 2020ರಲ್ಲಿ ಪಕ್ಕದ ಥೋರ್ಸ್‌ಬಿ ಎಸ್ಟೇಟ್‌ಗೆ.

ಮೂರು ದೊಡ್ಡ ಹೊಲಗಳು: ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್. ಒಂದರಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತುವ ಬೆಳೆ, ಮೂರನೆಯದು ಬೀಳು. ಮರುವರ್ಷ ಸರದಿ ಬದಲು. ಪ್ರತಿ ಹೊಲವೂ ಉದ್ದುದ್ದ ಪಟ್ಟಿಗಳಾಗಿ ಹಂಚಿಕೆಯಾಗಿದೆ. ಒಬ್ಬ ರೈತನ ಪಟ್ಟಿಗಳು ಒಂದೇ ಕಡೆ ಇರುವುದಿಲ್ಲ. ಒಳ್ಳೆಯ ಮಣ್ಣಿನಲ್ಲೊಂದು, ನೀರು ನಿಲ್ಲುವಲ್ಲೊಂದು, ದಿಬ್ಬದ ಮೇಲೊಂದು. ಯಾರಿಗೂ ಎಲ್ಲ ಒಳ್ಳೆಯದೇ ಸಿಗುವುದಿಲ್ಲ, ಎಲ್ಲ ಕೆಟ್ಟದ್ದೇ ಸಿಗುವುದೂ ಇಲ್ಲ. ಹಳೆಯ ಕಾಲದ ಪಟ್ಟಿಯ ಉದ್ದ ಎತ್ತುಗಳು ಒಂದೇ ಉಸಿರಿಗೆ ನೇಗಿಲೆಳೆಯಬಲ್ಲಷ್ಟು, ಸುಮಾರು 220 ಗಜ. ಎಂಟೆಂಟು ಎತ್ತು ಕಟ್ಟಿದ ನೇಗಿಲನ್ನು ಕೊನೆಯಲ್ಲಿ ಗಕ್ಕನೆ ತಿರುಗಿಸಲು ಆಗುವುದಿಲ್ಲ. ಮೊದಲೇ ಒಂದು ಕಡೆಗೆ ಒಲಿಸಿಕೊಂಡು ಬರಬೇಕು. ಶತಮಾನಗಟ್ಟಲೆ ಹಾಗೆ ಉತ್ತೂ ಉತ್ತೂ ಪಟ್ಟಿಗಳೇ ಬಾಗಿದವು. ಇಂಗ್ಲೆಂಡಿನ ಎಷ್ಟೋ ಹುಲ್ಲುಗಾವಲುಗಳಲ್ಲಿ ಸಂಜೆಯ ಇಳಿಬಿಸಿಲಿಗೆ ಆ ಬಾಗಿದ ಏರು-ತಗ್ಗುಗಳು ಈಗಲೂ ಎದ್ದು ಕಾಣುತ್ತವೆ.

1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಸರ್ವೆಯವನು ಊರಿನ ಆಗಿನ ಒಡೆಯ ಸರ್ ವಿಲಿಯಂ ಕೋರ್ಟನ್‌ಗಾಗಿ ಪ್ರತಿಯೊಂದು ಪಟ್ಟಿಯನ್ನೂ ಅಳೆದು ದೊಡ್ಡ ನಕ್ಷೆ ಬರೆದ. ಅಸಲು ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಅದರ ಪಡಿಯಚ್ಚನ್ನು ನಾನು ಗಂಟೆಗಟ್ಟಲೆ ನೋಡಿದ್ದೇನೆ. ಲೆಕ್ಕದ ನಕ್ಷೆಯಲ್ಲಿ ಚಿತ್ರ ಬೇಕಿರಲಿಲ್ಲ, ಆದರೂ ಪಿಯರ್ಸ್ ಸುಮ್ಮನಿರಲಾರದೆ ಪಟ್ಟಿಗಳ ನಡುವೆ ಪುಟ್ಟ ಪುಟ್ಟ ಮನುಷ್ಯರನ್ನು ಬರೆದಿದ್ದಾನೆ. ಒಬ್ಬ ಉಳುತ್ತಿದ್ದಾನೆ, ಕೆಲವರು ಕೊಯ್ಲು ಮಾಡುತ್ತಿದ್ದಾರೆ, ಒಂದು ಕಡೆ ಬೇಟೆ ನಡೆದಿದೆ. ಉಗುರಿನಷ್ಟಿರುವ ಆ ಉಳುವವನನ್ನು ನೋಡಿದಾಗಲೆಲ್ಲ ನನಗೆ ಗೆಸ್ಟ್‌ನ ಹದಿಮೂರನೆಯ ನುಡಿ ನೆನಪಾಗುತ್ತದೆ. ಲಾವಣಿ ಕಾಡಿನಿಂದ ನಿಂತು ಅವನನ್ನು ನೋಡಿ, ಪರವಾಗಿಲ್ಲ ಬಿಡಿ ಎಂದು ಮುಂದೆ ಹೋಗುತ್ತದೆ. ಪಿಯರ್ಸ್ ಅವನ ಪಟ್ಟಿಯ ಅಗಲ ಬರೆದುಕೊಂಡ.

ಬೇಲಿಯಿಲ್ಲದ, ಬದುವೂ ಇಲ್ಲದ ಹೊಲದಲ್ಲಿ ಪಕ್ಕದವನ ಪಟ್ಟಿಗೆ ಒಂದು ಸಾಲು ಜಾಸ್ತಿ ನೇಗಿಲು ಹಾಕುವುದು ಎಷ್ಟು ಹೊತ್ತಿನ ಕೆಲಸ? ಆ ಆಸೆಯನ್ನು ತಡೆಯಲು ಲ್ಯಾಕ್ಸ್ಟನ್‌ನಲ್ಲಿ ಜ್ಯೂರಿ ಇದೆ. ಚಳಿಗಾಲದ ಶುರುವಿನಲ್ಲಿ, ಗೋಧಿ ಬಿತ್ತಿದ ಹೊಲವನ್ನು ಹನ್ನೆರಡು ಮಂದಿ ರೈತರು ಮುಖಂಡನೊಬ್ಬನ ಜೊತೆ ಸುತ್ತುತ್ತಾರೆ. ಹಿಂದೆ ನಡೆದೇ ಹೋಗುತ್ತಿದ್ದರು, ಈಗ ಟ್ರ್ಯಾಕ್ಟರಿನ ಟ್ರೈಲರ್ ಉಂಟು. ನಾನು ರಸ್ತೆಬದಿಯಲ್ಲಿ ನಿಂತು ನೋಡಿದ ವರ್ಷ ತೆಳ್ಳನೆಯ ಮಳೆ ಹನಿಯುತ್ತಿತ್ತು. ಹಸಿರು ಗಂಬೂಟು, ಕಿವಿ ಮುಚ್ಚುವ ಟೋಪಿ, ಟ್ರೈಲರಿನ ತುಂಬ ಮರದ ಗೂಟಗಳು. ಒಂದು ಕಡೆ ಇಳಿದರು. ಒಬ್ಬರು ಎದುರು ತುದಿಯ ಗೂಟಕ್ಕೆ ಕಣ್ಣು ನೆಟ್ಟು ಗೆರೆ ಹಿಡಿದರು, ಇನ್ನೊಬ್ಬರು ಕೊಡತಿಯಿಂದ ಹೊಸ ಗೂಟ ಬಡಿದರು. ಗೂಟ ಒಂದು ಗೇಣು ಆಚೆ ಹೋಯಿತೋ ಈಚೆ ಬಂತೋ ಎಂದು ಸ್ವಲ್ಪ ಮಾತಾಯಿತು, ಮುದುಕರೊಬ್ಬರು ಏನೋ ಅಂದರು, ಎಲ್ಲರೂ ನಕ್ಕರು, ಗೂಟ ಆ ಗೇಣಿನಷ್ಟು ಜರುಗಿತು. ಪಟ್ಟಿಗಳ ಅಂಚಿನ, ಉಳಲಾಗದ ಹುಲ್ಲಿನ ತಗ್ಗುಗಳಿಗೆ ಸೈಕ್ ಎನ್ನುತ್ತಾರೆ. ಅಲ್ಲಿನ ಹುಲ್ಲು ಊರಿನ ಲೆಕ್ಕಕ್ಕೆ ಸೇರಿದ್ದು, ವರ್ಷಕ್ಕೊಮ್ಮೆ ಹರಾಜಾಗುತ್ತದೆ. ಯಾರಾದರೂ ಸೈಕ್‌ನ ಅಂಚು ಕೊರೆದು ಉತ್ತಿದ್ದಾರೆಯೇ, ದಾರಿ ಒತ್ತಿದ್ದಾರೆಯೇ ಎಂಬುದನ್ನೂ ಜ್ಯೂರಿ ಬರೆದುಕೊಳ್ಳುತ್ತದೆ. ಮಧ್ಯಾಹ್ನ ಡವ್‌ಕೋಟ್ ಎಂಬ ಊರಿನ ಪಬ್‌ನಲ್ಲಿ ಊಟ.

ಆಮೇಲಿನ ದಿನಗಳಲ್ಲಿ ‘ಕೋರ್ಟ್ ಲೀಟ್’ ಎಂಬ ಊರ ಕಚೇರಿ ಕೂಡುತ್ತದೆ. ಜಮೀನಿನ ಒಡೆಯನ ಪರವಾಗಿ ಒಬ್ಬ ಅಧಿಕಾರಿ ಕೂರುತ್ತಾನೆ, ಜ್ಯೂರಿಯ ವರದಿ ಓದುತ್ತಾರೆ, ತಪ್ಪು ಮಾಡಿದವರಿಗೆ ಕೆಲವು ಪೌಂಡುಗಳ ದಂಡ ಬೀಳುತ್ತದೆ, ಮುಂದಿನ ವರ್ಷದ ಜ್ಯೂರಿ ಪ್ರಮಾಣವಚನ ತೆಗೆದುಕೊಳ್ಳುತ್ತದೆ. ಇದು ನಾಟಕವಲ್ಲ. 1977ರಲ್ಲಿ ಬ್ರಿಟನ್ನಿನ ಸಂಸತ್ತು ಇಂಥ ಹಳೆಯ ಊರ ನ್ಯಾಯಾಲಯಗಳ ಅಧಿಕಾರವನ್ನೆಲ್ಲ ತೆಗೆದುಹಾಕಿದಾಗ, ಲ್ಯಾಕ್ಸ್ಟನ್‌ನ ಕೋರ್ಟ್ ಲೀಟ್‌ಗೆ ಮಾತ್ರ ವಿನಾಯಿತಿ ಕೊಟ್ಟು ಅಧಿಕಾರ ಉಳಿಸಿತು. ಕಳೆದ ಕಾಲದ ಊರಾಳುಗಳಲ್ಲಿ ತಪ್ಪಿಸಿಕೊಂಡ ದನ ಹಿಡಿದು ದೊಡ್ಡಿಗೆ ಹಾಕುವವನೂ ಒಬ್ಬ. ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. ದಂಡದ ಮೊತ್ತ ಯಾವತ್ತೂ ಅಂಥಾ ದೊಡ್ಡದಾಗಿರಲಿಲ್ಲ. ಊರ ಮುಂದೆ ಹೆಸರು ಓದಿಸಿಕೊಳ್ಳುವುದೇ ಶಿಕ್ಷೆ. ಎದುರು ಕೂತವರೆಲ್ಲ ನಾಳೆ ನಿಮ್ಮ ಪಕ್ಕದ ಪಟ್ಟಿಯಲ್ಲೇ ಇರುತ್ತಾರೆ ತಾನೇ.

ಕಾಡಿಗೆ ಓಡಿದವನ ವಿಷಯ ಈಗ ಬರುತ್ತದೆ. ಕೋರ್ಟ್ ಲೀಟ್ ಎಂಬ ವ್ಯವಸ್ಥೆ ಹೊಲದ ಜಗಳಕ್ಕೆಂದು ಹುಟ್ಟಿದ್ದಲ್ಲ. ಮಧ್ಯಯುಗದ ಇಂಗ್ಲೆಂಡಿನ ಬಹುಪಾಲು ಸೀಮೆಗಳಲ್ಲಿ ಹನ್ನೆರಡು ವರ್ಷ ದಾಟಿದ ಗಂಡಸರೆಲ್ಲ ಹತ್ತತ್ತು ಮಂದಿಯ ಗುಂಪುಗಳಲ್ಲಿ ಹೆಸರು ಬರೆಸಬೇಕಿತ್ತು. ಪಾದ್ರಿಗಳಿಗೆ, ನೈಟ್‌ಗಳಿಗೆ ವಿನಾಯಿತಿ. ಹೆಂಗಸರನ್ನು ಎಣಿಸುತ್ತಲೇ ಇರಲಿಲ್ಲ. ಗುಂಪಿನ ಒಬ್ಬನಿಗೆ ಉಳಿದವರು ಜಾಮೀನು. ಅವನು ತಪ್ಪು ಮಾಡಿದರೆ ಹಿಡಿದು ತಂದು ನಿಲ್ಲಿಸಬೇಕು. ಅವನು ಓಡಿಹೋದರೆ ಗುಂಪಿಗೆ ದಂಡ. ಎಲ್ಲರೂ ಗುಂಪಿನಲ್ಲಿದ್ದಾರೆಯೇ ಎಂದು ತಪಾಸಣೆ ಮಾಡುವ ಸಭೆ ಊರ ಒಡೆಯನ ಕೈಗೆ ಬಂದಲ್ಲಿ ಅದೇ ಕೋರ್ಟ್ ಲೀಟ್ ಆಯಿತು. ಕಳ್ಳನ ಹಿಂದೆ ಹುಯಿಲೆಬ್ಬಿಸಿ ಓಡದ ಊರಿಗೂ ದಂಡವಿತ್ತು. 1285ರ ವಿಂಚೆಸ್ಟರ್ ಶಾಸನವಂತೂ ಹೆದ್ದಾರಿಯ ಎರಡೂ ಕಡೆ ಇನ್ನೂರು ಅಡಿಯವರೆಗೆ ಪೊದೆ ಕುರುಚಲು ಇರಕೂಡದು, ಕಳ್ಳ ಅಡಗುವಂಥ ಹಳ್ಳ ಇರಕೂಡದು ಎಂದಿತು. ಓಕ್ ಮರಗಳನ್ನೂ ಬೇರೆ ದೊಡ್ಡ ಮರಗಳನ್ನೂ ಮಾತ್ರ ಬಿಟ್ಟಿತು. ಕಡಿಯುವ ಖರ್ಚು ನೆಲದ ಒಡೆಯನದು. ಕಡಿಯುವ ಕೈ ಯಾರದ್ದು ಎಂದು ಹೇಳಬೇಕಾಗಿಲ್ಲ.

ಓಡಿಹೋದವನನ್ನು ಜಿಲ್ಲಾ ನ್ಯಾಯಸಭೆಯಲ್ಲಿ ಒಂದರ ನಂತರ ಒಂದು ಸಭೆಯಲ್ಲಿ ಹೆಸರು ಹಿಡಿದು ಕೂಗುತ್ತಿದ್ದರು. ಐದನೆಯ ಕೂಗಿಗೂ ಬಾರದಿದ್ದರೆ ಅವನು ಕಾನೂನಿನ ಹೊರಗೆ. ಹಳೆಯ ಮಾತಿನಲ್ಲಿ ಅವನ ತಲೆ ‘ತೋಳದ ತಲೆ’, ಸಿಕ್ಕಲ್ಲಿ ಹೊಡೆಯಬಹುದು. ಅವನ ಸಾಮಾನು ದೊರೆಗೆ. ಅವನ ನೆಲ ಒಂದು ವರ್ಷ ಒಂದು ದಿನ ದೊರೆಯ ಕೈಯಲ್ಲಿದ್ದು, ಆಮೇಲೆ ಮೇಲಿನ ಒಡೆಯನಿಗೆ. 1226ರ ಆ ರಾಬರ್ಟ್ ಹೋಡ್‌ನ ಸಾಮಾನಿನ ಬೆಲೆ 32 ಶಿಲಿಂಗ್ 6 ಪೆನ್ನಿ ಎಂದು ದಾಖಲಾಗಿದೆ. ಅಂಥ ಸಾಮಾನಿನಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು ಹಸು, ಕುರಿ, ಹಂಡೆ, ಕಣಜದ ಕಾಳು. ಅದರ ಮೇಲೆ ಬದುಕುತ್ತಿದ್ದ ಹೆಂಡತಿ ಮಕ್ಕಳೂ ಇರುತ್ತಿದ್ದರು.

ಲಾವಣಿಯಲ್ಲಿ ರಾಬಿನ್‌ನ ಗೆಳೆಯರು ಉತ್ಸಾಹದಿಂದ ಕಾಡಿಗೆ ಬರುತ್ತಾರೆ, ಮಚ್ ಎಂಬ ಗಿರಣಿಯವನ ಮಗನೂ ಬರುತ್ತಾನೆ. ಆ ಗಿರಣಿ ಆಮೇಲೆ ಏನಾಯಿತು, ಮಚ್‌ನ ಅಪ್ಪನ ಮೇಲೆ ಎಷ್ಟು ದಂಡ ಬಿತ್ತು ಎನ್ನುವ ನುಡಿ ಇಲ್ಲ. ಕಾಡಿಗೆ ಹೋದ ಒಬ್ಬನಿಗೆ ಹಾಡು, ಊರಲ್ಲಿ ಉಳಿದ ಒಂಬತ್ತು ಮಂದಿಗೆ ಪಾವತಿ. ಇದನ್ನು ನಾನು ಲಾವಣಿಯ ಮೇಲಿನ ದೂರಾಗಿ ಹೇಳುತ್ತಿಲ್ಲ. ದಂಡ ಕಟ್ಟಿದ ಆ ಒಂಬತ್ತು ಮಂದಿಯೂ ಸಂಜೆ ಬಿಯರ್ ಮುಂದಿಟ್ಟುಕೊಂಡು ಅದೇ ಹಾಡು ಕೇಳುತ್ತಿದ್ದರು. ಸುಮಾರು 1377ರಲ್ಲಿ ವಿಲಿಯಂ ಲ್ಯಾಂಗ್‌ಲೆಂಡ್ ಬರೆದ ‘ಪಿಯರ್ಸ್ ಪ್ಲೋಮನ್’ ಕಾವ್ಯದಲ್ಲಿ ಸೋಮಾರಿತನದ ರೂಪವಾದ ಪಾದ್ರಿಯೊಬ್ಬ, ತನಗೆ ಪ್ರಾರ್ಥನೆ ಸರಿಯಾಗಿ ಬಾರದು, ರಾಬಿನ್ ಹುಡ್‌ನ ಪದಗಳು ಮಾತ್ರ ಬರುತ್ತವೆ ಎಂದು ಒಪ್ಪಿಕೊಳ್ಳುತ್ತಾನೆ. ಸಾಹಿತ್ಯದಲ್ಲಿ ರಾಬಿನ್‌ನ ಹೆಸರು ಮೊದಲು ಕಾಣಿಸುವ ಜಾಗ ಅದು. ಕಾವ್ಯದ ನಾಯಕ ಉಳುವವನು, ರಾಬಿನ್ ಮಾತ್ರ ಸೋಮಾರಿಯ ಬಾಯಿಯಲ್ಲಿ!

ಹಳ್ಳಿಗಳು ಅವನನ್ನು ಸುಮ್ಮನೆ ಕೇಳಿ ಬಿಡಲಿಲ್ಲ, ಕೆಲಸಕ್ಕೂ ಹಚ್ಚಿದವು. ಹದಿನೈದು, ಹದಿನಾರನೆಯ ಶತಮಾನಗಳಲ್ಲಿ ಮೇ ಹಬ್ಬ ಬಂತೆಂದರೆ ಊರಿನವನೊಬ್ಬ ರಾಬಿನ್ ಹುಡ್ ವೇಷ ಹಾಕಿ, ಜೊತೆಗಾರರನ್ನು ಕಟ್ಟಿಕೊಂಡು, ಅಕ್ಕಪಕ್ಕದ ಊರುಗಳಿಗೂ ಹೋಗಿ ಚಂದಾ ಎತ್ತುತ್ತಿದ್ದ. ದುಡ್ಡು ಚರ್ಚಿಗೆ. ಥೇಮ್ಸ್ ದಡದ ಕಿಂಗ್‌ಸ್ಟನ್‌ನಂಥ ಊರುಗಳ ಚರ್ಚ್ ಲೆಕ್ಕದ ಪುಸ್ತಕಗಳಲ್ಲಿ ರಾಬಿನ್ ಹುಡ್ ತಂದುಕೊಟ್ಟ ಹಣ, ಅವನ ಅಂಗಿಯ ಬಟ್ಟೆಗೆ, ಬೂಟಿಗೆ ಆದ ಖರ್ಚು ಎಲ್ಲವೂ ಅಚ್ಚುಕಟ್ಟಾಗಿ ನಮೂದಾಗಿವೆ. ಬಿಷಪ್ಪನ ಜೇಬು ಕತ್ತರಿಸಿದವನು ಚರ್ಚಿಗಾಗಿ ಹುಂಡಿ ಹಿಡಿದು ಬಾಗಿಲು ಬಾಗಿಲು ತಟ್ಟಿದ.

ನಿಜವಾದ ಬಿಷಪ್ಪನೊಬ್ಬ ಇದರ ಬಿಸಿ ಅನುಭವಿಸಿದ್ದೂ ಉಂಟು. ಹ್ಯೂ ಲ್ಯಾಟಿಮರ್ 1549ರಲ್ಲಿ ಆರನೆಯ ಎಡ್ವರ್ಡ್ ದೊರೆಯ ಮುಂದೆ ಮಾಡಿದ ಪ್ರವಚನದಲ್ಲಿ ಆ ಸಂಗತಿ ಹೇಳಿಕೊಂಡಿದ್ದಾನೆ. ದೂರದ ಪ್ರಯಾಣದ ನಡುವೆ ಒಂದು ಊರಿನಲ್ಲಿ ಬೆಳಗ್ಗೆ ಪ್ರವಚನ ಕೊಡುವುದಾಗಿ ಹಿಂದಿನ ರಾತ್ರಿಯೇ ಹೇಳಿ ಕಳಿಸಿದ್ದ, ಹಬ್ಬದ ದಿನ ಬೇರೆ. ಹೋಗಿ ನೋಡಿದರೆ ಚರ್ಚಿಗೆ ಬೀಗ. ಅರ್ಧ ಗಂಟೆಗೂ ಮೇಲೆ ಬಾಗಿಲಲ್ಲೇ ಕಾದ. ಕೊನೆಗೆ ಬೀಗದ ಕೈ ಸಿಕ್ಕಿತು, ಊರಿನವನೊಬ್ಬ ಬಂದು, ಸ್ವಾಮಿ, ಇವತ್ತು ನಮಗೆ ಬಿಡುವಿಲ್ಲದ ದಿನ, ಇದು ರಾಬಿನ್ ಹುಡ್ ದಿನ, ಜನರೆಲ್ಲ ಅವನಿಗಾಗಿ ಚಂದಾ ಎತ್ತಲು ಹೋಗಿದ್ದಾರೆ, ಅಡ್ಡಿ ಮಾಡಬೇಡಿ ಅಂದ. ಬಿಷಪ್ಪನ ನಿಲುವಂಗಿ ತೊಟ್ಟು ಸಿದ್ಧವಾಗಿ ನಿಂತಿದ್ದ ಲ್ಯಾಟಿಮರ್, ಅದಕ್ಕೆ ಕವಡೆಯಷ್ಟೂ ಬೆಲೆ ಸಿಗದೆ ರಾಬಿನ್ ಹುಡ್‌ನ ಆಳುಗಳಿಗೆ ದಾರಿ ಬಿಟ್ಟುಕೊಟ್ಟು ಹೊರಡಬೇಕಾಯಿತು. ಇದು ನಗುವ ಮಾತಲ್ಲ, ಅಳುವ ಮಾತು ಎಂದು ಅವನು ದೊರೆಯ ಮುಂದೆ ಗುಡುಗಿದ.